ಇಸ್ತ್ರಿಪೆಟ್ಟಿಗೆಯಲ್ಲಿ ತಯಾರಾಗುವ ಸರ್ಕ್ಯೂಟ್ ಬೋರ್ಡ್ ಮತ್ತು ನಮ್ಮ ಕೊಟ್ಟಿಗೆ



ನಿಮ್ಮ ಮನೆಯಲ್ಲಿ ಐಟಿಐ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ, ಕೊನೆಯ ವರ್ಷದಲ್ಲಿ ಒಂದು ದಿನ ಮನೆಯ ಇಸ್ತ್ರಿಪೆಟ್ಟಿಗೆ ಕಾಣೆಯಾಗುತ್ತದೆ. ಹುಡುಕಿಕೊಂಡು ಹೋದರೆ ಅದು ಬಟ್ಟೆಯ ಮೇಲೆ ಇರುವುದಿಲ್ಲ, ಅಂಗೈಯಗಲದ ಒಂದು ತಾಮ್ರದ ಹಲಗೆಯ ಮೇಲೆ ಕೂತಿರುತ್ತದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ದ್ರಾವಣ. ಕೇಳಿದರೆ "ಪ್ರಾಜೆಕ್ಟ್ ಅಮ್ಮಾ" ಎಂಬ ಒಂದೇ ಉತ್ತರ.

ಪಶುವೈದ್ಯಾಧಿಕಾರಿ ಈ ವಿಷಯ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಆ ದ್ರಾವಣ ನೆಲದ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಹಾಗಾಗಿ ನೀವೇ "ಒಳಗೆ ಬೇಡ, ಹೊರಗೆ ಹೋಗಿ ಮಾಡು" ಎನ್ನುತ್ತೀರಿ. ಹೊರಗೆ ನಲ್ಲಿ, ಬಲ್ಬು, ಪ್ಲಗ್ಗು, ಕೂರಲು ಕಟ್ಟೆ ಎಲ್ಲವೂ ಒಟ್ಟಿಗೆ ಇರುವ ಜಾಗ ಯಾವುದು? ಕೊಟ್ಟಿಗೆ. ಮಕ್ಕಳು ಈ ಕೆಲಸ ಕಲಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೊಟ್ಟಿಗೆಯಲ್ಲಿ ಮಾತ್ರ ಬೇಡ. ಏಕೆ ಬೇಡ ಎಂದು ತಿಳಿಯಬೇಕಾದರೆ ಅವರು ಮಾಡುತ್ತಿರುವುದು ಏನೆಂದು ನಿಮಗೂ ಗೊತ್ತಿರಬೇಕು.

ಚುಕ್ಕಿ ರಂಗೋಲಿಯಂಥ ತಾಮ್ರದ ಗೆರೆ

ಸಂಘದಲ್ಲಿ ನಿಮ್ಮ ಹಾಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ತೋರಿಸುವ ಯಂತ್ರ, ಮನೆಯ ಟಿವಿ, ಕೈಯಲ್ಲಿರುವ ಮೊಬೈಲು, ಯಾವುದನ್ನು ಬಿಚ್ಚಿ ನೋಡಿದರೂ ಒಳಗೊಂದು ಹಲಗೆ ಇರುತ್ತದೆ. ಹೆಚ್ಚಾಗಿ ಹಸಿರು ಬಣ್ಣದ್ದು. ಅದರ ಮೇಲೆ ನಮ್ಮ ಚುಕ್ಕಿ ರಂಗೋಲಿಯಂತೆ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಗೆರೆಗಳು. ಚುಕ್ಕಿ ಇರುವಲ್ಲಿ ಒಂದೊಂದು ಬಿಡಿಭಾಗ ಕೂರುತ್ತದೆ, ಗೆರೆಯಲ್ಲಿ ಕರೆಂಟು ಹರಿಯುತ್ತದೆ. ಗೆರೆಗಳು ತಾಮ್ರದವು. ಹಿಂದೆ ಇದೇ ಜೋಡಣೆಯನ್ನು ಒಂದೊಂದೇ ತಂತಿ ಎಳೆದು ಕೈಯಲ್ಲಿ ಮಾಡುತ್ತಿದ್ದರು. ಆಸ್ಟ್ರಿಯಾದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ ಇಂಗ್ಲೆಂಡಿಗೆ ಬಂದು ನೆಲೆಸಿ, 1936ರ ಸುಮಾರಿಗೆ ಇಂಥ ಮುದ್ರಿತ ಹಲಗೆಯಿಂದ ರೇಡಿಯೊ ಮಾಡಿ ತೋರಿಸಿದರು. ಮುದ್ರಣದ ಕೆಲಸವನ್ನೂ ಬಲ್ಲವರಾಗಿದ್ದರಿಂದಲೇ ಅವರಿಗೆ ಈ ದಾರಿ ಹೊಳೆಯಿತು ಅನ್ನಬೇಕು.

ಅಂಗಡಿಯಲ್ಲಿ ಸಿಗುವುದು ಖಾಲಿ ಹಲಗೆ. ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡಿದ 1.6 ಮಿಲಿಮೀಟರ್ ದಪ್ಪದ ಹಲಗೆಯ ಮೇಲೆ ಪೂರ್ತಿ ತಾಮ್ರದ ಪದರ. ಆ ಪದರ ಎಷ್ಟು ತೆಳುವೆಂದರೆ ಸಾಮಾನ್ಯವಾಗಿ 35 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ ಮಕ್ಕಳು ಇದನ್ನೂ ಬಿಡಿಭಾಗಗಳನ್ನೂ ಒಟ್ಟಿಗೆ ತರುತ್ತಾರೆ. ಇನ್ನು ಉಳಿದ ಕೆಲಸ ಒಂದೇ: ಬೇಕಾದ ಗೆರೆಗಳನ್ನು ಉಳಿಸಿ ಮಿಕ್ಕ ತಾಮ್ರವನ್ನು ಕರಗಿಸಿಬಿಡುವುದು.

ಇಸ್ತ್ರಿಪೆಟ್ಟಿಗೆಯ ಪಾತ್ರ

ಇಲ್ಲಿ ಲೇಸರ್ ಪ್ರಿಂಟರ್ ಬರುತ್ತದೆ. ಲೇಸರ್ ಪ್ರಿಂಟರಿನಲ್ಲಿ ಇರುವುದು ಶಾಯಿಯಲ್ಲ, ಟೋನರ್ ಎಂಬ ಕಪ್ಪು ಪುಡಿ. ಆ ಪುಡಿ ಬಹುಪಾಲು ಪ್ಲಾಸ್ಟಿಕ್. ಪ್ರಿಂಟರ್ ಅದನ್ನು ಬಿಸಿಯಿಂದ ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಅದಕ್ಕೇ ಹೊರಬಂದ ಹಾಳೆ ಬೆಚ್ಚಗಿರುತ್ತದೆ. ಒಮ್ಮೆ ಕರಗಿ ಅಂಟಿದ್ದು ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಮಕ್ಕಳ ಟೀ ಶರ್ಟಿಗೆ ಇಸ್ತ್ರಿ ಹಾಕಿ ಚಿತ್ರ ಅಂಟಿಸುವುದನ್ನು ನೀವು ನೋಡಿರಬಹುದು, ಇದೂ ಹಾಗೆಯೇ. ಊರಿನ ಜೆರಾಕ್ಸ್ ಅಂಗಡಿಯ ಯಂತ್ರದಲ್ಲೂ ಇದೇ ಪುಡಿ ಇರುವುದರಿಂದ ಅದೂ ಆಗುತ್ತದೆ. ಬಣ್ಣದ ಶಾಯಿ ಚಿಮುಕಿಸುವ ಇಂಕ್‌ಜೆಟ್ ಪ್ರಿಂಟರಿನಿಂದ ಈ ಕೆಲಸ ಆಗದು.

ಸರ್ಕ್ಯೂಟಿನ ಚಿತ್ರವನ್ನು ಹೊಳಪಿನ ಕಾಗದದ ಮೇಲೆ ಗಾಢವಾಗಿ ಮುದ್ರಿಸುತ್ತಾರೆ. ಹಳೆಯ ವಾರಪತ್ರಿಕೆಯ ನುಣುಪಾದ ಹಾಳೆಯೂ ಸಾಕು, ಏಕೆಂದರೆ ನುಣುಪು ಕಾಗದ ಪುಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಳೆಯನ್ನು ಮಗುಚಿ ಒತ್ತುವುದರಿಂದ ಚಿತ್ರ ಎಡಬಲವಾಗುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು ಮುದ್ರಿಸಬೇಕು. ಮೊದಲ ಬಾರಿ ಮಾಡುವ ಅರ್ಧ ಮಕ್ಕಳು ಎಡವುವುದು ಇಲ್ಲೇ.

ತಾಮ್ರದ ಹಲಗೆಯನ್ನು ಪಾತ್ರೆ ಉಜ್ಜುವ ನಾರಿನಿಂದ, ಸೋಪಿನಿಂದ ಫಳಫಳ ಹೊಳೆಯುವಂತೆ ಉಜ್ಜಿ ತೊಳೆಯಬೇಕು. ಆಮೇಲೆ ಬೆರಳು ತಾಗಿಸಬಾರದು. ಹಾಲು ಕರೆದ ಕೈಯ ಜಿಡ್ಡು ತಾಗಿದರಂತೂ ಟೋನರ್ ಅಲ್ಲಿ ಅಂಟುವುದೇ ಇಲ್ಲ. ಅದರ ಮೇಲೆ ಕಾಗದವನ್ನು ಚಿತ್ರ ಕೆಳಗಾಗಿ ಇಟ್ಟು, ಹತ್ತಿ ಬಟ್ಟೆಗೆ ಇಡುವಷ್ಟು ಬಿಸಿಯ ಇಸ್ತ್ರಿಪೆಟ್ಟಿಗೆಯನ್ನು ಮೂರರಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ಹಬೆ ಬರುವ ಪೆಟ್ಟಿಗೆಯಾದರೆ ನೀರು ಖಾಲಿ ಮಾಡಿರಬೇಕು. ನಂತರ ಹಲಗೆಯನ್ನು ನೀರಿನಲ್ಲಿ ಕಾಲು ಗಂಟೆ ನೆನೆಸಿ, ಕಾಗದವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ತೆಗೆದರೆ ತಾಮ್ರದ ಮೇಲೆ ಕಪ್ಪು ಗೆರೆಗಳು ಉಳಿಯುತ್ತವೆ. ಅಲ್ಲಲ್ಲಿ ಗೆರೆ ಹರಿದಿದ್ದರೆ ನೀರಿಗೆ ಅಳಿಯದ ಮಾರ್ಕರ್ ಪೆನ್ನಿನಿಂದ ಸೇರಿಸಬಹುದು.

ನಿಮ್ಮ ಕಡೆಯಿಂದ ಒಂದು ಷರತ್ತು ಇರಲಿ. ಇದಕ್ಕೆ ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಬೇರೆಯೇ ಇಟ್ಟುಬಿಡಿ. ತಳಕ್ಕೆ ಅಂಟಿದ ಟೋನರ್ ಮುಂದಿನ ಸಲ ನಿಮ್ಮ ಸೀರೆಗೆ ಇಳಿಯುತ್ತದೆ.

ಡಿಕಾಕ್ಷನ್ ಬಣ್ಣದ ದ್ರಾವಣ

ಕಿಲುಬು ಹಿಡಿದ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಕಿಲುಬು ಕರಗಿ ತಾಮ್ರ ಹೊಳೆಯುತ್ತದೆ. ಹುಣಸೆಯ ಹುಳಿ ಕಿಲುಬನ್ನು ಮಾತ್ರ ತಿನ್ನುತ್ತದೆ. ಫೆರಿಕ್ ಕ್ಲೋರೈಡ್ ಎಂಬ ಈ ಕಂದು ದ್ರಾವಣ ತಾಮ್ರವನ್ನೇ ತಿನ್ನುತ್ತದೆ. ಟೋನರ್ ಮುಚ್ಚಿದ ಕಡೆ ಅದಕ್ಕೆ ತಾಮ್ರ ಸಿಗುವುದಿಲ್ಲ. ಬೆಚ್ಚಗಿನ ದ್ರಾವಣದಲ್ಲಿ ಹಲಗೆಯನ್ನು ಇಟ್ಟು ಡಬ್ಬಿಯನ್ನು ಮೆಲ್ಲಗೆ ತೂಗುತ್ತಿದ್ದರೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ತೆರೆದ ತಾಮ್ರವೆಲ್ಲ ಮಾಯ. ತೊಳೆದು, ಉಗುರುಬಣ್ಣ ತೆಗೆಯುವ ಅಸಿಟೋನಿನಿಂದ ಕಪ್ಪನ್ನು ಒರೆಸಿದರೆ ಕೆಳಗೆ ತಾಮ್ರದ ರಂಗೋಲಿ ಹಾಗೇ ಇರುತ್ತದೆ. ನಿಜಕ್ಕೂ ನೋಡಲು ಚೆಂದ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಬೇಡ.

ಈ ಹಂತದಲ್ಲಿ ತಾಯಿಯಾದವಳು ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಬೇಕು. ಫೆರಿಕ್ ಕ್ಲೋರೈಡ್ ಗಟ್ಟಿಯ ರೂಪದಲ್ಲಿ ತಂದಿದ್ದರೆ ನೀರಿಗೆ ಅದನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಅದರ ಮೇಲೆ ನೀರು ಸುರಿಯಬಾರದು, ಜೋರಾಗಿ ಬಿಸಿಯೇರಿ ಸಿಡಿಯುತ್ತದೆ, ಕಟು ಹೊಗೆ ಬರುತ್ತದೆ. ಡಬ್ಬಿ ಪ್ಲಾಸ್ಟಿಕ್ಕಿನದೋ ಗಾಜಿನದೋ ಆಗಿರಬೇಕು. ನಿಮ್ಮ ಅಲ್ಯುಮಿನಿಯಂ ಹಾಲಿನ ಕ್ಯಾನನ್ನು ಈ ದ್ರಾವಣ ತೂತು ಮಾಡುತ್ತದೆ, ಸ್ಟೀಲ್ ಬಕೆಟನ್ನೂ ಬಿಡುವುದಿಲ್ಲ. ಹಾಲಿಗೆ, ಊಟಕ್ಕೆ ಬಳಸುವ ಯಾವ ಪಾತ್ರೆಯನ್ನೂ ಕೊಡಬೇಡಿ. ಕಣ್ಣಿಗೋ ಚರ್ಮಕ್ಕೋ ಸಿಡಿದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ಹೊತ್ತು ತೊಳೆದು ಡಾಕ್ಟರ ಬಳಿ ಕರೆದೊಯ್ಯಿರಿ.

ಕೆಲವರು ಫೆರಿಕ್ ಕ್ಲೋರೈಡ್ ಸಿಗದಿದ್ದರೆ ಶೌಚಾಲಯ ತೊಳೆಯುವ ಆ್ಯಸಿಡ್‌ಗೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುತ್ತಾರೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಇನ್ನೂ ಒಂದು ಮಾತು, ಕೊಟ್ಟಿಗೆ ಇರುವವರು ಗಮನಿಸಬೇಕಾದ್ದು: ನಾವು ನೆಲಕ್ಕೆ ಹಾಕುವ ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೊಟ್ಟಿಗೆಯಲ್ಲಿ ಅದು ಮನುಷ್ಯರಿಗೂ ಕಟ್ಟಿದ ದನಕ್ಕೂ ಉಸಿರು ಕಟ್ಟಿಸುತ್ತದೆ. ದನಕ್ಕೆ ಎದ್ದು ಹೋಗಲೂ ಆಗುವುದಿಲ್ಲ.

ಬಳಸಿದ ದ್ರಾವಣ ಎಲ್ಲಿಗೆ?

ಕೆಲಸ ಮುಗಿದ ಮೇಲೆ ಹಲಗೆಯ ತಾಮ್ರ ಎಲ್ಲಿಗೂ ಹೋಗಿರುವುದಿಲ್ಲ, ದ್ರಾವಣದಲ್ಲೇ ಇರುತ್ತದೆ. ದ್ರಾವಣ ಹಸಿರಾಗಿ ತಿರುಗುವುದು ಅದರಿಂದಲೇ. ಲೆಕ್ಕ ಹಾಕಿ ನೋಡಿ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಹಲಗೆಯಲ್ಲಿ ಸುಮಾರು 3 ಗ್ರಾಂ ತಾಮ್ರವಿರುತ್ತದೆ, ಅದರಲ್ಲಿ 2 ಗ್ರಾಂ ಕರಗಿತು ಎಂದುಕೊಳ್ಳೋಣ. ಹಾಲು ಕೊಡುವ ಹಸುವಿಗೂ ತಾಮ್ರ ಬೇಕು, ಖನಿಜ ಮಿಶ್ರಣದಲ್ಲಿ ನಾವೇ ಕೊಡುತ್ತೇವೆ. ಆದರೆ ದಿನಕ್ಕೆ ಬೇಕಾಗುವುದು ಮಿಲಿಗ್ರಾಂಗಳ ಲೆಕ್ಕದಲ್ಲಿ. ಕುರಿಯ ಕಥೆಯೇ ಬೇರೆ. ಸಾಕುಪ್ರಾಣಿಗಳಲ್ಲಿ ತಾಮ್ರವನ್ನು ತಡೆದುಕೊಳ್ಳಲಾಗದ್ದು ಕುರಿ. ಆ 2 ಗ್ರಾಂ ಒಂದು ಕುರಿಯ ಜೀವಕ್ಕೇ ಅಪಾಯ ತರಬಹುದು. ಸ್ವಲ್ಪಸ್ವಲ್ಪವೇ ಒಳಗೆ ಹೋದರೂ ಯಕೃತ್ತಿನಲ್ಲಿ ಶೇಖರವಾಗುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ರಕ್ತಕಣಗಳು ಒಡೆದು, ಕಣ್ಣು ಹಳದಿಯಾಗಿ, ಗಂಜಲ ಕೆಂಪಾಗಿ ಕುರಿ ಸಾಯುತ್ತದೆ. ದನದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ ಎಂದು ನಾವು ಹೇಳುವುದೂ ಇದೇ ಕಾರಣಕ್ಕೆ.

ತಾಮ್ರ ಬಿಟ್ಟರೂ ಈ ದ್ರಾವಣ ಬಾಯಿ, ಗಂಟಲು, ಕರುಳನ್ನು ಸುಡುತ್ತದೆ. ಬಾಯಾರಿದ ಕರು ಡಬ್ಬಿಗೆ ಮೂತಿ ಹಾಕಲು ಒಂದು ನಿಮಿಷ ಸಾಕು. ಹಾಗೇನಾದರೂ ಕುಡಿದರೆ ಎಣ್ಣೆಯನ್ನೋ ಮಜ್ಜಿಗೆಯನ್ನೋ ಬಾಯಿಗೆ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಎರಡನೇ ಅಪಾಯ. ಡಬ್ಬಿಯನ್ನು ದೂರ ಸರಿಸಿ, ಮುಂದೆ ಶುದ್ಧ ನೀರು ಇಟ್ಟು, ಪಶುವೈದ್ಯರಿಗೆ ಫೋನ್ ಮಾಡಿ. ಕುಡಿದದ್ದು ಏನೆಂದು ಸ್ಪಷ್ಟವಾಗಿ ಹೇಳಿ. ಮಗನನ್ನು ಬೈಯುತ್ತಾರೆಂದು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಬಳಸಿದ ದ್ರಾವಣವನ್ನು ಚರಂಡಿಗೆ, ತಿಪ್ಪೆಗೆ, ತೆಂಗಿನ ಬುಡಕ್ಕೆ, ಬಾವಿಯ ಬದಿಗೆ ಚೆಲ್ಲಬಾರದು. ಗೊಬ್ಬರ ಗ್ಯಾಸಿನ ಗುಂಡಿಗಂತೂ ಬೇಡವೇ ಬೇಡ. ಗ್ಯಾಸ್ ಉತ್ಪತ್ತಿ ಮಾಡುವುದು ಅಲ್ಲಿನ ಸೂಕ್ಷ್ಮಜೀವಿಗಳು, ತಾಮ್ರ ಅವುಗಳಿಗೆ ವಿಷ. ಕಾಲಿನ ಗೊರಸಿನ ರೋಗಕ್ಕೆ ಮೈಲುತುತ್ತದ ನೀರಿನಲ್ಲಿ ದನವನ್ನು ನಡೆಸಿದ ಮೇಲೆ ಆ ನೀರನ್ನು ಅದೇ ಗುಂಡಿಗೆ ಬಿಡುವ ಅಭ್ಯಾಸ ಕೆಲವರಿಗಿದೆ. ಮೈಲುತುತ್ತವೂ ತಾಮ್ರದ ಉಪ್ಪೇ, ಅದೂ ಬೇಡ. ದ್ರಾವಣ ಒಂದೇ ಸಲಕ್ಕೆ ಸತ್ವ ಕಳೆದುಕೊಳ್ಳುವುದಿಲ್ಲ, ಹಲವು ಬೋರ್ಡುಗಳಿಗೆ ಬರುತ್ತದೆ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ, ಮೇಲೆ ದೊಡ್ಡದಾಗಿ 'ವಿಷ' ಎಂದು ಬರೆದು, ಬೀಗ ಹಾಕುವ ಜಾಗದಲ್ಲಿಡಲಿ. ಸತ್ವ ಕಳೆದ ಮೇಲೆ ಕಾಲೇಜಿನ ಪ್ರಯೋಗಾಲಯಕ್ಕೆ ಹಿಂತಿರುಗಿಸಲಿ. ಇದು ಮಗನ ಕೆಲಸ, ನಿಮ್ಮದಲ್ಲ. ಆದರೆ ಕೇಳುವುದು ನಿಮ್ಮ ಹಕ್ಕು.

ಬೆರಳುದ್ದವೂ ಇಲ್ಲದ ತಂತಿ

ನನ್ನ ಮಟ್ಟಿಗೆ ಈ ಕೆಲಸದ ದೊಡ್ಡ ಅಪಾಯ ದ್ರಾವಣಕ್ಕಿಂತ ಆಮೇಲೆ ಬರುವ ಹಂತದಲ್ಲಿದೆ. ಹಲಗೆಗೆ ಸಣ್ಣ ತೂತು ಕೊರೆದು, ಬಿಡಿಭಾಗಗಳ ಕಾಲು ತೂರಿಸಿ, ಬೆಸುಗೆ ಹಾಕಿ, ಹೆಚ್ಚಾದ ಕಾಲನ್ನು ಕಟರಿನಿಂದ ಕತ್ತರಿಸುತ್ತಾರೆ. ಕತ್ತರಿಸಿದ ತುಂಡು ಒಂದೆರಡು ಸೆಂಟಿಮೀಟರ್ ಇರುತ್ತದೆ, ತುದಿ ಚೂಪು. ಕಟರಿನಿಂದ ಚಟ್ ಎಂದು ಹಾರಿ ಎಲ್ಲಿ ಬೀಳುತ್ತದೋ ಗೊತ್ತಾಗುವುದಿಲ್ಲ. ಕೊಟ್ಟಿಗೆಯಾದರೆ ಹುಲ್ಲಿನಲ್ಲಿ, ಗೋದಲಿಯಲ್ಲಿ.

ಹಸು ಮೇವನ್ನು ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆಯಿಂದ ಸುತ್ತಿ ಎಳೆದು ನುಂಗುತ್ತದೆ, ಅಗಿಯುವುದು ಆಮೇಲೆ ಮೆಲುಕಿನಲ್ಲಿ. ತಂತಿ ಅದರ ಜೇನುಗೂಡಿನಂಥ ಹೊಟ್ಟೆಯ ತಳ ಸೇರುತ್ತದೆ. ಆ ಹೊಟ್ಟೆಯ ಮುಂದೆ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಒತ್ತಿದಾಗಲೆಲ್ಲ ತಂತಿ ಮುಂದೆ ಚುಚ್ಚುತ್ತದೆ. ಹೊಟ್ಟೆ ಕೊಯ್ದು ಮೊಳೆ, ತಂತಿ, ಸೂಜಿ ತೆಗೆಯುವುದು ನಮ್ಮ ವೃತ್ತಿಯಲ್ಲಿ ಹೊಸದೇನಲ್ಲ. ಬೇಗ ಗೊತ್ತಾದರೆ ಹಸು ಉಳಿಯುತ್ತದೆ. ಹೃದಯದ ಚೀಲಕ್ಕೆ ಚುಚ್ಚಿ ಕೀವಾದ ಮೇಲೆ ಬಂದರೆ ನಮ್ಮ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ.

ಲಕ್ಷಣ ನೆನಪಿಡಿ. ಹಾಲು ಒಂದೇ ದಿನದಲ್ಲಿ ಸರ್ರನೆ ಇಳಿಯುತ್ತದೆ, ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಬೆನ್ನು ಬಾಗಿಸಿ, ಮುಂಗಾಲಿನ ಮೊಣಕೈಗಳನ್ನು ಹೊರಗೆ ಚಾಚಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುತ್ತದೆ, ನರಳುತ್ತದೆ. ಕತ್ತಿನ ಕೆಳಗೆ, ಎದೆಯ ಮುಂದೆ ನೀರು ತುಂಬಿದಂತೆ ಊತ ಬಂದರೆ ತಡವಾಗಿದೆ ಎಂದರ್ಥ. ಹೊಟ್ಟೆಗೆ ಅಯಸ್ಕಾಂತ ಹಾಕಿಸಿದ್ದೇವೆ ಎಂಬ ಧೈರ್ಯವೂ ಇಲ್ಲಿ ಪೂರ್ತಿ ಕೆಲಸಕ್ಕೆ ಬರುವುದಿಲ್ಲ. ಅಯಸ್ಕಾಂತ ಕಬ್ಬಿಣವನ್ನು ಹಿಡಿಯುತ್ತದೆ, ತಾಮ್ರದ ತಂತಿಯನ್ನು ಹಿಡಿಯುವುದಿಲ್ಲ.

ಬೆಸುಗೆಯ ವಿಷಯವೂ ಹೀಗೆಯೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬೆಸುಗೆ ತಂತಿಯಲ್ಲಿ ತವರದ ಜೊತೆ ಸೀಸವಿರುತ್ತದೆ. ಹಳೆಯ ಬ್ಯಾಟರಿ ನೆಕ್ಕಿ ದನ ಸತ್ತ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು, ಅಲ್ಲಿ ಕೊಂದದ್ದು ಇದೇ ಸೀಸ. ಕರುಗಳಿಗೆ ಅಪಾಯ ಹೆಚ್ಚು. ಕಣ್ಣು ಕಾಣದಂತಾಗಿ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಸೆಳೆತ ಇವು ಲಕ್ಷಣಗಳು. ಸೀಸ ಒಳಗೆ ಹೋದ ಹಸುವಿನ ಹಾಲಿನಲ್ಲೂ ಸೀಸ ಬರುತ್ತದೆ, ಆದ್ದರಿಂದ ವೈದ್ಯರು ಹೇಳುವವರೆಗೆ ಆ ಹಾಲನ್ನು ಸಂಘಕ್ಕೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಬೆಸುಗೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಹಾಲು ಕರೆಯಲು ಕೂರಬಾರದು.

ಇಷ್ಟಕ್ಕೆಲ್ಲ ಪರಿಹಾರ ಬಹಳ ಸರಳ. ಮನೆಯ ಜಗುಲಿಯಲ್ಲಿ ಗಾಳಿಯಾಡುವ ಕಡೆ ಹಳೆಯ ಬೆಡ್‌ಶೀಟ್ ಹಾಸಿ ಕೂರಲಿ. ಕತ್ತರಿಸುವಾಗ ತಂತಿಯ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕತ್ತರಿಸಲಿ, ಹಾರುವುದಿಲ್ಲ. ತುಂಡುಗಳನ್ನು ಒಂದು ಡಬ್ಬಿಗೆ ಹಾಕಲಿ. ಕೊರೆಯುವಾಗ ಗಾಜಿನ ನಾರಿನ ಧೂಳು ಏಳುತ್ತದೆ, ಮುಖಕ್ಕೆ ಮಾಸ್ಕ್ ಇರಲಿ. ಕೊನೆಯಲ್ಲಿ ಬೆಡ್‌ಶೀಟನ್ನು ಮೇವಿನ ಬಣವೆಯ ಕಡೆ ಕೊಡವಬೇಡಿ.

ಮಾಡುವುದಾದರೆ ಇದನ್ನು ಮಾಡಲಿ

ಬಣ್ಣದ ದೀಪ ಮಿನುಗಿಸುವ ಬೋರ್ಡ್ ಮಾಡಿ ಅಂಕ ಪಡೆದು ಮೂಲೆಗೆ ಎಸೆಯುವ ಬದಲು, ನಿಮ್ಮ ಮಕ್ಕಳಿಗೆ ನೀವೇ ಒಂದು ಕೆಲಸ ಹೇಳಿ: "ಕೆಚ್ಚಲು ಬಾವು ಮೊದಲೇ ತಿಳಿಯುವಂಥದ್ದು ಏನಾದರೂ ಮಾಡಿಕೊಡು."

ಇದು ಕನಸಿನ ಮಾತಲ್ಲ. ಕೆಚ್ಚಲಿನ ಒಳಪದರಕ್ಕೆ ಸೋಂಕು ತಗುಲಿದಾಗ ರಕ್ತದಲ್ಲಿರುವ ಉಪ್ಪಿನಂಶ, ಅಂದರೆ ಸೋಡಿಯಂ ಮತ್ತು ಕ್ಲೋರೈಡ್, ಹಾಲಿಗೆ ಸೋರುತ್ತದೆ. ಬಾವಿರುವ ಮೊಲೆಯ ಹಾಲು ಉಪ್ಪುಪ್ಪಾಗುವುದನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಉಪ್ಪು ಹೆಚ್ಚಾದ ಹಾಲಿನಲ್ಲಿ ಕರೆಂಟು ಹೆಚ್ಚು ಸರಾಗವಾಗಿ ಹರಿಯುತ್ತದೆ. ಆರೋಗ್ಯವಂತ ಹಸುವಿನ ಹಾಲಿನ ವಾಹಕತೆ ಸುಮಾರು 4ರಿಂದ 5.5 ಮಿಲಿಸೀಮೆನ್ಸ್ ಇರುತ್ತದೆ, ಬಾವು ಬಂದಾಗ ಏರುತ್ತದೆ. ಇದನ್ನು ಅಳೆಯುವ ಕೈಯಳತೆಯ ಉಪಕರಣಗಳು ಮಾರುಕಟ್ಟೆಯಲ್ಲಿವೆ, ದೊಡ್ಡ ಡೇರಿಗಳ ಹಾಲು ಕರೆಯುವ ಯಂತ್ರದಲ್ಲೇ ಇರುವುದೂ ಉಂಟು.

ಮನೆಯಲ್ಲಿ ಮಾಡಿದ ಬೋರ್ಡ್ ಆ ಉಪಕರಣದಷ್ಟು ನಿಖರವಾಗಿ ಅಂಕಿ ಹೇಳದು. ಆದರೆ ನಮಗೆ ಅಂಕಿಗಿಂತ ಹೋಲಿಕೆ ಮುಖ್ಯ. ಒಂದೇ ಹಸುವಿನ ನಾಲ್ಕು ಮೊಲೆಗಳ ಹಾಲು ಹೆಚ್ಚುಕಡಿಮೆ ಒಂದೇ ರೀತಿ ತೋರಿಸಬೇಕು. ಮೂರು ಒಂದು ಥರ, ನಾಲ್ಕನೆಯದು ಬೇರೆ ಥರ ತೋರಿಸಿದರೆ ಆ ಮೊಲೆಯ ಮೇಲೆ ಕಣ್ಣಿಡಬೇಕು. ಕೆಚ್ಚಲು ಊದಿಕೊಳ್ಳದೆ, ಹಾಲು ಒಡೆಯದೆ ಒಳಗೇ ಇರುವ ಬಾವು ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಹಾಲು ಮಾತ್ರ ದಿನಾ ಸ್ವಲ್ಪಸ್ವಲ್ಪ ಕಡಿಮೆಯಾಗುತ್ತದೆ.

ಬೋರ್ಡ್ ಮಾಡುವ ಮಗಳಿಗೆ ಅಥವಾ ಮಗನಿಗೆ ಈ ನಾಲ್ಕು ಮಾತು ಓದಿ ಹೇಳಿ. ಉಪಕರಣ 9 ವೋಲ್ಟ್ ಬ್ಯಾಟರಿಯಲ್ಲೇ ನಡೆಯಬೇಕು, ಒದ್ದೆ ನೆಲದ ಕೊಟ್ಟಿಗೆಗೆ ಮನೆಯ ಕರೆಂಟಿನ ವೈರು ಎಳೆಯಬಾರದು. ಹಾಲಿಗೆ ಮುಳುಗುವ ಎರಡು ಕಡ್ಡಿಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು, ಬರಿಯ ತಾಮ್ರ ತಾಗಿದರೆ ಹಾಲಿನ ಕೊಬ್ಬು ಕೆಟ್ಟು ವಾಸನೆ ಬರುತ್ತದೆ. ಕಡ್ಡಿಗಳಿಗೆ ನೇರ ಬ್ಯಾಟರಿ ಕರೆಂಟು ಬೇಡ, 555 ಎಂಬ ಚಿಪ್ಪಿನಿಂದ ದಿಕ್ಕು ಬದಲಾಗುವ ಕರೆಂಟು ಮಾಡಿ ಕೊಡಬೇಕು, ಇಲ್ಲದಿದ್ದರೆ ಕಡ್ಡಿಯ ಸುತ್ತ ಗುಳ್ಳೆ ಕಟ್ಟಿ ಅಳತೆ ಕೆಡುತ್ತದೆ. ಮೊದಲು ಹಾಲಿನಲ್ಲಿ ಬೇಡ, ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕುತ್ತಾ ಸೂಚಿ ಏರುವುದನ್ನು ನೋಡಿ ಸರಿಮಾಡಿಕೊಳ್ಳಲಿ. ಬೋರ್ಡ್ ಸರಿಯಾಗಿ ಕೆಲಸ ಮಾಡಿತೆಂದರೆ ಅದೇ ಚಿತ್ರವನ್ನು ತಯಾರಿಕಾ ಕಂಪನಿಗೆ ಕಳಿಸಿ ಹತ್ತು ಬೋರ್ಡ್ ಮಾಡಿಸಬಹುದು, ಮತ್ತೆ ದ್ರಾವಣ ಮುಟ್ಟುವ ಅಗತ್ಯವಿಲ್ಲ.

ಬೇಲಿಗೆ ಕರೆಂಟು ಹರಿಸುವ ಸರ್ಕ್ಯೂಟನ್ನು ಮಾತ್ರ ಮನೆಯಲ್ಲಿ ಮಾಡಲು ಬಿಡಬೇಡಿ.

ಪರೀಕ್ಷೆ ಮಾಡುವುದು ಹಾಲು ಕರೆಯುವ ಮುಂಚೆ. ಕೆಚ್ಚಲು ತೊಳೆದು ಒರೆಸಿ, ಪ್ರತಿ ಮೊಲೆಯಿಂದ ಮೊದಲ ಎರಡು ಮೂರು ಧಾರೆ ಬೇರೆ ಪಾತ್ರೆಗೆ ಬಿಟ್ಟು, ನಂತರದ ಹಾಲನ್ನು ನಾಲ್ಕು ಸಣ್ಣ ಬಟ್ಟಲಿಗೆ ಒಂದೇ ಅಳತೆಯಲ್ಲಿ ಹಿಡಿಯಿರಿ. ಬಟ್ಟಲುಗಳ ಬಿಸಿ ಒಂದೇ ಇರುವಾಗಲೇ ಒಂದಾದ ಮೇಲೊಂದು ನೋಡಿ, ಏಕೆಂದರೆ ತಣ್ಣಗಾದಂತೆ ಅಳತೆ ಇಳಿಯುತ್ತದೆ. ಪ್ರತಿ ಬಟ್ಟಲಿನ ನಡುವೆ ಕಡ್ಡಿಯನ್ನು ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು. ಪರೀಕ್ಷಿಸಿದ ಹಾಲನ್ನು ಮತ್ತೆ ಕ್ಯಾನಿಗೆ ಹಾಕಬೇಡಿ, ಕೊಟ್ಟಿಗೆಯ ನೆಲಕ್ಕೂ ಚೆಲ್ಲಬೇಡಿ, ಅದರಿಂದಲೇ ಸೋಂಕು ಹರಡುತ್ತದೆ. ಕರು ಹಾಕಿದ ಮೊದಲ ದಿನಗಳಲ್ಲಿ ಮತ್ತು ಹಾಲು ಬತ್ತುವ ಕಾಲದಲ್ಲಿ ಉಪ್ಪಿನಂಶ ಸಹಜವಾಗಿಯೇ ಹೆಚ್ಚಿರುತ್ತದೆ, ಆಗಿನ ಅಳತೆ ನೋಡಿ ಗಾಬರಿಯಾಗಬೇಡಿ.

ಒಂದು ಮೊಲೆ ಎರಡು ಮೂರು ಹೊತ್ತು ಬಿಡದೆ ಬೇರೆಯಾಗಿ ತೋರಿಸಿದರೆ, ನೀವಾಗಿಯೇ ಟ್ಯೂಬು ತಂದು ಮೊಲೆಗೆ ಏರಿಸಬೇಡಿ. ಔಷಧ ಹಾಕಿದ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ಬೇಡದ ಔಷಧಕ್ಕೆ ಅಷ್ಟು ದಿನದ ಹಾಲು ಕಳೆದುಕೊಳ್ಳುವುದು ಏಕೆ? ಸಂಘದ ಕಾರ್ಯದರ್ಶಿಗೆ ತಿಳಿಸಿ, ಪಶುವೈದ್ಯರನ್ನು ಕರೆಸಿ, ಸಿಎಂಟಿ ಪರೀಕ್ಷೆ ಮಾಡಿಸಿ. ವೈದ್ಯರು ಬಂದಾಗ ಯಾವ ಮೊಲೆ, ಯಾವ ದಿನ, ಎಷ್ಟು ತೋರಿಸಿತು ಎಂದು ಬರೆದಿಟ್ಟ ಚೀಟಿಯನ್ನೂ, ಬೋರ್ಡ್ ಮಾಡಿದ ಮಗಳನ್ನೂ ಮುಂದೆ ಕಳಿಸಿ.